ಎಕ್ಕದ ಜೋಡಿಯೂ ಕೋಳಿ ಪಂಚಾಂಗವೂ

ಇಸ್ಪೀಟಿನ ಎಲೆಗಳನ್ನು ಬಿಡಿಸಿ ನೋಡುವ ಮೊದಲು ಕಣ್ಣಿಗೊತ್ತಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಂಚಿ ಆಗಿದೆ. ಎಲೆ ನಿಮ್ಮ ಮುಂದೆ ಮಗುಚಿ ಬಿದ್ದಿದೆ. ಅದರ ಹೊಟ್ಟೆಯಲ್ಲಿ ಏನಿದೆಯೋ ಅದು ಇದ್ದೇ ಇದೆ. ಇನ್ನು ನೀವು ಕಣ್ಣಿಗೊತ್ತಿಕೊಂಡರೂ ಅಷ್ಟೆ, ಕುಲದೈವವನ್ನು ನೆನೆದರೂ ಅಷ್ಟೆ, ಒಳಗಿನ ಎರಡು ಹೋಗಿ ಎಕ್ಕ ಆಗುವುದಿಲ್ಲ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುತ್ತ ತಲೆ ನರೆಸಿಕೊಂಡವಳು ನಾನು. ಇಷ್ಟು ಸರಳ ಸಂಗತಿಯನ್ನು ನನ್ನ ಭಾವನಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆಯೇ ಹೊರತು ಅವರು ಕಣ್ಣಿಗೊತ್ತಿಕೊಳ್ಳುವುದು ನಿಂತಿಲ್ಲ.

ಭಾವ ಎಂದರೆ ನನ್ನ ಅಕ್ಕ ವಾರಿಜಳ ಗಂಡ, ಸುಧಾಕರ ಭಾವ. ಬಹರೈನಿನಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಈಗ ಮಡಂತ್ಯಾರಿನಲ್ಲಿ ಒಂದು ಹೋಟೆಲು ಇಟ್ಟುಕೊಂಡಿದ್ದಾರೆ. ಗಲ್ಫಿನಿಂದ ಬರುವಾಗ ಉಳಿದವರೆಲ್ಲ ಕಂಬಳಿ, ಟೀವಿ, ಖರ್ಜೂರದ ಡಬ್ಬ ತಂದರೆ ಇವರು ಪೋಕರ್ ತಂದರು. ಆದಿತ್ಯವಾರ ಮಧ್ಯಾಹ್ನ ಹೋಟೆಲಿನ ಬಾಗಿಲು ಹಾಕಿದ ಮೇಲೆ ಅದರ ಹಿಂದಿರುವ ಅವರ ಮನೆಯ ಜಗಲಿಯಲ್ಲಿ ಆರು ಜನ ಸೇರುತ್ತೇವೆ. ನಾನು ಮತ್ತು ನನ್ನ ಗಂಡ ವೇಣೂರು, ಗುರುವಾಯನಕೆರೆ ದಾಟಿ ಬರುತ್ತೇವೆ. ಅಳದಂಗಡಿಯಿಂದ ಭಾವನ ತಂಗಿ ಮತ್ತು ಅವಳ ಗಂಡ, ಮುಂಡಾಜೆಯಿಂದ ರಬ್ಬರ್ ತೋಟದ ಗೋಪಣ್ಣ, ಮತ್ತೆ ಭಾವ. ಅಕ್ಕ ಆಡುವುದಿಲ್ಲ. ಊಟ, ಚಾ, ಮತ್ತೆ ಚಾ, ಇಷ್ಟು ಅವಳ ಪಾಲು. ದುಡ್ಡಿಟ್ಟು ಆಡಿದರೆ ನಾನು ಬರುವುದಿಲ್ಲ ಎಂದು ಮೊದಲ ದಿನವೇ ಹಟ ಹಿಡಿದಿದ್ದೆ. ಹಾಗಾಗಿ ಅಕ್ಕನ ಚೆನ್ನೆಮಣೆಯಲ್ಲಿ ಆಡುವ ಕೆಂಪು ಮಂಜೊಟ್ಟಿ ಬೀಜಗಳೇ ನಮ್ಮ ಪಣ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಮಗುಚಿ. ಅದು ನಿಮ್ಮ ಗುಟ್ಟು. ಆಮೇಲೆ ನಡುವಿನಲ್ಲಿ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ತೆರೆಯುತ್ತಾರೆ. ಮೊದಲು ಒಟ್ಟಿಗೆ ಮೂರು, ಅದಕ್ಕೆ ಫ್ಲಾಪ್ ಎಂದು ಹೆಸರು. ಮತ್ತೆ ಒಂದು, ಕೊನೆಗೆ ಇನ್ನೊಂದು. ಕೈಯ ಎರಡು, ನಡುವಿನ ಐದು, ಈ ಏಳರಲ್ಲಿ ಎಲ್ಲರಿಗಿಂತ ಒಳ್ಳೆಯ ಐದನ್ನು ಜೋಡಿಸಿದವರು ಗೆದ್ದರು. ಆದರೆ ಆಟದ ಜೀವ ಇರುವುದು ಫ್ಲಾಪ್ ತೆರೆಯುವ ಮೊದಲು. ಕೈಯಲ್ಲಿ ಎರಡೇ ಎಲೆ, ನಡುವೆ ಖಾಲಿ ಚಾಪೆ. ಆಗಲೇ ತೀರ್ಮಾನಿಸಬೇಕು, ಪಣ ತಳ್ಳಿ ನಿಲ್ಲುವುದೋ ಎಲೆ ಕೆಳಗಿಟ್ಟು ಬಿಡುವುದೋ ಎಂದು.

ನಾನು ಮರುಳಾದದ್ದು ಆ ಗಳಿಗೆಗೆ. ಅಷ್ಟು ಸ್ವಲ್ಪ ಗೊತ್ತಿದ್ದಾಗ ಎಷ್ಟು ಹೇಳಬಹುದು ಎಂಬುದೇ ಸಂಭವನೀಯತೆಯ ಶಾಸ್ತ್ರ. ಕೂತಲ್ಲೇ ಲೆಕ್ಕ ಹಾಕಿ ನೋಡಿ. ಮೊದಲನೆಯ ಎಲೆ ಯಾವುದೇ ಆಗಲಿ, ಉಳಿದ ಐವತ್ತೊಂದರಲ್ಲಿ ಅದರ ಜೊತೆಯವು ಮೂರೇ. ಎಂದರೆ ಕೈಗೆ ಜೋಡಿ ಬರುವುದು ಹದಿನೇಳಕ್ಕೊಮ್ಮೆ. ಆ ಜೋಡಿ ಎಕ್ಕದ್ದೇ ಆಗಬೇಕಾದರೆ ಅದಕ್ಕೆ ಹದಿಮೂರು ಪಾಲು ಅಪರೂಪ, ಇನ್ನೂರ ಇಪ್ಪತ್ತೊಂದಕ್ಕೊಮ್ಮೆ. ಎರಡೂ ಎಲೆ ಒಂದೇ ಜಾತಿಯದಾದರೆ ಜನ ಮುಖ ಅರಳಿಸುತ್ತಾರೆ. ಅದರಿಂದ ಗೆಲುವು ಹೆಚ್ಚುವುದು ನೂರಕ್ಕೆ ಎರಡೋ ಮೂರೋ, ಅಷ್ಟೆ. ದೊಡ್ಡ ಜೋಡಿಯಾದರೆ ನಿಲ್ಲು, ಎರಡೂ ದೊಡ್ಡ ಎಲೆಯಾದರೆ ನಿಲ್ಲು, ಒಂದು ದೊಡ್ಡದು ಒಂದು ಸಣ್ಣದಾದರೆ ಯೋಚಿಸು, ಏಳು ಮತ್ತು ಎರಡು ಬೇರೆ ಬೇರೆ ಜಾತಿಯದು ಬಂದರೆ ಮಾತಾಡದೆ ಕೆಳಗಿಡು. ಇದಕ್ಕಿಂತ ಕಡೆಯ ಕೈ ಇಸ್ಪೀಟಿನ ಕಟ್ಟಿನಲ್ಲೇ ಇಲ್ಲ. ಇಷ್ಟನ್ನು ನೆನಪಿಡಲು ಎಂಎಸ್ಸಿ ಬೇಕೆ?

ಈ ಗಣಿತ ಹುಟ್ಟಿದ್ದೇ ಜೂಜಿನ ಮೇಜಿನಲ್ಲಿ. ಯೂರೋಪಿನ ಯಾರೋ ಸಿರಿವಂತ ಸೋಮಾರಿಗಳು ದಾಳ ಉರುಳಿಸಿ ಸೋತು ಸುಣ್ಣವಾಗಿ, ಲೆಕ್ಕ ಬಲ್ಲವರ ಬಾಗಿಲು ಬಡಿದು, ನಾವು ಸೋಲುವುದು ಏಕೆ ಎಂದು ಕೇಳಿದರಂತೆ. ಅಲ್ಲಿಂದ ಹೊರಟ ಶಾಸ್ತ್ರ ಇವತ್ತು ವಿಮೆಯಲ್ಲಿದೆ, ಮಳೆಯ ಮುನ್ಸೂಚನೆಯಲ್ಲಿದೆ, ಔಷಧಿಯ ಪರೀಕ್ಷೆಯಲ್ಲಿದೆ. ಅಂಥದ್ದನ್ನು ತರಗತಿಯಲ್ಲಿ ನಾನು ಕುಣಿದು ಕುಪ್ಪಳಿಸಿ ವಿವರಿಸಿದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ, "ಇದು ಎಷ್ಟು ಮಾರ್ಕಿಗೆ ಬರ್ತದೆ ಮೇಡಂ?" ಆ ಮಕ್ಕಳ ಮೇಲಾದರೂ ಸಿಟ್ಟು ಬೇಗ ಇಳಿಯುತ್ತದೆ. ಮನೆಯವರ ಮೇಲಿನದು ಇಳಿಯುವುದಿಲ್ಲ. ಇವರು ದಡ್ಡರಲ್ಲ, ನೋಡಿ. ಮಡಂತ್ಯಾರಿನ ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ತರುವುದಿಲ್ಲ. ಹಲಸಿನ ಹಣ್ಣನ್ನು ಬೆರಳಿನ ಗಿಣ್ಣಿನಿಂದ ಬಡಿದು, ಸದ್ದು ಕೇಳಿ, ಇನ್ನೆರಡು ದಿನ ಇರಲಿ ಎನ್ನುತ್ತಾರೆ. ಕತ್ತರಿಸುವ ಮೊದಲೇ ಒಳಗಿನದನ್ನು ಅಂದಾಜು ಮಾಡುವ ಬುದ್ಧಿ ಎಲ್ಲರಿಗೂ ಉಂಟು. ಚಾಪೆಯ ಮೇಲೆ ಕೂತ ಕೂಡಲೇ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲನೆಯ ರೋಗ, ನಮ್ಮವರು ಯಾರೂ ಎಲೆ ಬಿಡುವುದಿಲ್ಲ. ಪೋಕರಿನ ಅರ್ಧ ವಿದ್ಯೆ ಬಿಡುವುದರಲ್ಲಿದೆ. ಕೆಟ್ಟ ಕೈ ಬಂದರೆ ಮರ್ಯಾದೆಯಿಂದ ಕೆಳಗಿಟ್ಟು, ಒಂದು ಬೀಜ ಕಳೆದುಕೊಂಡು, ಚಾ ಕುಡಿಯುತ್ತ ಕೂರಬೇಕು. ಭಾವನ ತಂಗಿಗೆ ಇದನ್ನು ಹೇಳಿದರೆ ಅವಳು ಗಾಬರಿಯಾಗುತ್ತಾಳೆ. "ಕೊಟ್ಟದ್ದನ್ನು ಬೇಡ ಅಂತ ಹೇಳುವುದಾ? ಅಣ್ಣ ಹಂಚಿದ್ದಲ್ಲವಾ, ಬೇಜಾರು ಆಗುದಿಲ್ಲವಾ ಅವನಿಗೆ?" ಬಡಿಸಿದ ಮೇಲೆ ಅರ್ಧದಲ್ಲಿ ಏಳಬಾರದು ಎಂದು ಕಲಿಸಿ ಬೆಳೆಸಿದ ಜನ. ಊಟದ ಮರ್ಯಾದೆಯನ್ನು ತಂದು ಇಸ್ಪೀಟಿಗೆ ಹಚ್ಚಿದ್ದಾರೆ. ಗೋಪಣ್ಣನಂತೂ ಎರಡು ಎಲೆಯನ್ನೂ ಸರಿಯಾಗಿ ನೋಡುವುದಿಲ್ಲ. "ಬಂದದ್ದು ಬರಲಿ, ಕೂತದ್ದು ಕೂತಾಯ್ತು" ಎಂದು ಬೀಜ ತಳ್ಳುತ್ತಾರೆ. ಆರು ಜನ ಕೂತರೆ ಆರೂ ಜನ ಕೊನೆಯ ಎಲೆಯವರೆಗೆ ಇರುತ್ತಾರೆ.

ಎರಡನೆಯ ರೋಗ ಭಾವನದ್ದೇ, ಮತ್ತು ಅದಕ್ಕೆ ಮದ್ದಿಲ್ಲ. ನಮ್ಮ ತುಳುನಾಡಿನಲ್ಲಿ ಕೋಳಿ ಅಂಕಕ್ಕೆ, ಎಂದರೆ ಕಾಲಿಗೆ ಕತ್ತಿ ಕಟ್ಟಿ ಬಿಡುವ ಹುಂಜಗಳ ಕಾಳಗಕ್ಕೆ, ಒಂದು ಪಂಚಾಂಗವೇ ಇದೆ. ಯಾವ ನಕ್ಷತ್ರದ ದಿನ, ಯಾವ ಜಾವದಲ್ಲಿ, ಯಾವ ಬಣ್ಣದ ಹುಂಜ ಯಾವ ಬಣ್ಣದ ಹುಂಜವನ್ನು ಸೋಲಿಸುತ್ತದೆ ಎಂದು ಅದರಲ್ಲಿ ಹೇಳಿರುತ್ತದೆ. ಬಿಳಿಯದಕ್ಕೆ ಬೊಳ್ಳೆ, ಕೆಂಪಿನದಕ್ಕೆ ಕೆಮ್ಮೈರೆ, ಹೀಗೆ ಒಂದೊಂದು ಬಣ್ಣಕ್ಕೂ ಹೆಸರು. ಭಾವ ಇದನ್ನು ತಮ್ಮ ಸೋದರಮಾವನಿಂದ ಬಾಯಿಪಾಠ ಕಲಿತವರು. ಈಗ ಅಂಕಕ್ಕೆ ಹೋಗುವುದಿಲ್ಲ, ಪೊಲೀಸರ ಹೆದರಿಕೆಗೋ ಅಕ್ಕನ ಹೆದರಿಕೆಗೋ ಗೊತ್ತಿಲ್ಲ. ಆದರೆ ಕಲಿತ ವಿದ್ಯೆ ಕೊಳೆಯಬಾರದಲ್ಲ? ಅದನ್ನು ಪೋಕರಿಗೆ ತಂದು ಹಾಕಿದರು. ಈ ದಿನ ಕೆಮ್ಮೈರೆಗೆ ಜಯವೋ, ಹಾಗಾದರೆ ಕೆಂಪು ಎಲೆಗಳು ಗೆಲ್ಲಬೇಕು. ಈ ಜಾವ ಕಪ್ಪು ಹುಂಜದ್ದೋ, ಹಾಗಾದರೆ ಇಸ್ಪೀಟು, ಕ್ಲಾವರ್ ಎಂಬ ಕಪ್ಪು ಜಾತಿಗಳು. ಕೈಯಲ್ಲಿ ಎರಡು ಕೆಂಪು ರಾಜರಿದ್ದರೂ ಆ ದಿನ ಕಪ್ಪಿನದಾದರೆ ಮುಖ ಸಣ್ಣ ಮಾಡುತ್ತಾರೆ!

"ಭಾವ, ಹುಂಜಕ್ಕೆ ಜೀವ ಉಂಟು, ಸಿಟ್ಟು ಉಂಟು. ಇದು ರಟ್ಟು. ಇದಕ್ಕೆ ಎಂತ ನಕ್ಷತ್ರ?" ಎಂದು ನಾನು ಒದರಿದರೆ ಅವರು ನಗುತ್ತಾರೆ. "ನೀನು ಶಾಲೆಯ ಲೆಕ್ಕ ಕಲಿತವಳು ಮಾರಾಯ್ತಿ. ಇದು ಬೇರೆ ಲೆಕ್ಕ."

ಇನ್ನು ನನ್ನ ಹೊಟ್ಟೆಯುರಿಯ ಮುಖ್ಯ ಸಂಗತಿ. ಒಂದು ಆದಿತ್ಯವಾರ ನನಗೆ ಎಕ್ಕದ ಜೋಡಿ ಬಂತು. ಅದಕ್ಕಿಂತ ಒಳ್ಳೆಯ ಆರಂಭ ಈ ಆಟದಲ್ಲಿ ಇಲ್ಲ. ಹಿಗ್ಗು ತೋರಿಸದೆ ಮುಖ ಗಂಟು ಹಾಕಿಕೊಂಡು ಒಂದು ಮುಷ್ಟಿ ಬೀಜ ತಳ್ಳಿದೆ. ಬುದ್ಧಿ ಇದ್ದವರು ಬಿಡಬೇಕಾದ ಜಾಗ. ಒಬ್ಬರೂ ಬಿಡಲಿಲ್ಲ. ಭಾವ ಎಲೆ ಕಣ್ಣಿಗೊತ್ತಿಕೊಂಡು ನೋಡಿ, "ಇವತ್ತು ಕೆಂಪಿನ ದಿನ" ಎಂದು ತಮ್ಮ ಹತ್ತಿರ ಇದ್ದುದನ್ನೆಲ್ಲ ನೂಕಿದರು. ಫ್ಲಾಪ್ ತೆರೆದರೆ ಒಂದು ಏಳು, ಒಂದು ಎರಡು, ಒಂದು ರಾಣಿ. ಮತ್ತೆರಡು ಎಲೆ ಯಾರಿಗೂ ಉಪಕಾರಕ್ಕಿಲ್ಲದವು. ನಾನು ಎಕ್ಕಗಳನ್ನು ತೋರಿಸಿದೆ. ಭಾವ ತಮ್ಮದನ್ನು ಬಿಡಿಸಿದರು. ಹಾರ್ಟ್ಸಿನ ಏಳು, ಡೈಮಂಡಿನ ಎರಡು. ಎರಡು ಜೋಡಿ. ನನ್ನದು ಒಂದೇ.

ಏಳು ಎರಡು! ಯಾವ ಕೈಯನ್ನು ಲೋಕದ ಯಾವ ಮೂಲೆಯ ಆಟಗಾರನೂ ಮುಟ್ಟುವುದಿಲ್ಲವೋ ಅದನ್ನು ಹಿಡಿದುಕೊಂಡು, ಹುಂಜದ ಬಣ್ಣ ನೋಡಿ ಕೂತ ಮನುಷ್ಯ ನನ್ನನ್ನು ಸೋಲಿಸಿದರು. ಇಬ್ಬರೇ ಆಡಿದ್ದರೆ ಎಂಟರಲ್ಲಿ ಏಳು ಸಲ ಎಕ್ಕಗಳೇ ಗೆಲ್ಲಬೇಕು. ಆ ಎಂಟನೆಯ ಸಲ ನನ್ನ ಪಾಲಿಗೇ ಬರಬೇಕಿತ್ತೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು, ಅಷ್ಟೇ ಎಂದೆ. ಯಾರು ಕೇಳುತ್ತಾರೆ? ಗೋಪಣ್ಣ ನನ್ನ ಗಂಡನ ಕಿವಿಯಲ್ಲಿ, "ಮೇಡಮ್ಮಿಗೆ ಕೋಳಿ ಪಂಚಾಂಗ ಒಂದು ತೆಗೆದುಕೊಡಿ" ಎಂದರು. ನನ್ನ ಗಂಡ ನಕ್ಕರು. ವಾಪಸು ವೇಣೂರು ದಾಟುವವರೆಗೂ ನಾನು ಅವರೊಡನೆ ಮಾತಾಡಲಿಲ್ಲ.

ಮುಂದಿನ ವಾರ ಒಂದು ಸಣ್ಣ ಕಪ್ಪು ಹಲಗೆಯನ್ನೇ ಕಾರಿನಲ್ಲಿ ಹಾಕಿಕೊಂಡು ಹೋದೆ. ನಗಬೇಡಿ. ಸಿಟ್ಟು ಬಂದ ಮೇಷ್ಟ್ರುಗಳಿಗೆ ಬೇರೆ ಆಯುಧ ಇಲ್ಲ. ಜಗಲಿಯ ಗೋಡೆಗೆ ಹಲಗೆ ಒರಗಿಸಿ ಪಾಠ ಮಾಡಿದೆ. ಎಕ್ಕದ ಜೋಡಿಗೆ ಎದುರು ಒಬ್ಬರೇ ಇದ್ದರೆ ನೂರಕ್ಕೆ ಎಂಬತ್ತೈದು ಸಲ ಗೆಲುವು. ಇಬ್ಬರಾದರೆ ಎಪ್ಪತ್ತಮೂರು. ಮೂವರಾದರೆ ಅರವತ್ತನಾಲ್ಕು. ನೀವೆಲ್ಲ ಬಡಿಸಿದ್ದನ್ನು ಬಿಡಬಾರದೆಂದು ಐದು ಜನ ಕೂತರೆ ಅರ್ಧಕ್ಕೂ ಕೆಳಗೆ. ಎಲೆ ಅದೇ ಎಕ್ಕ. ಬದಲಾದದ್ದು ಎದುರಿನ ತಲೆಗಳು. "ನೆನಪಿಡಿ ಭಾವ, ಎದುರು ಎಷ್ಟು ಜನ ಉಂಟು ಅಂತ ಕೇಳದೆ ಗೆಲುವಿನ ಲೆಕ್ಕ ಹೇಳುವವನು ಸುಳ್ಳ" ಎಂದೆ. ಭಾವ ತಲೆಯಾಡಿಸಿದರು. ಆಮೇಲೆ ಎಲೆ ಹಂಚಿದರು, ಕಣ್ಣಿಗೊತ್ತಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಎಂದು ನಾನು ಹಲಗೆ ಒರೆಸಿದೆ.

ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಹೋಟೆಲಿನಲ್ಲಿ ಬನ್ಸಿನ ಹಿಟ್ಟು ನಾದುತ್ತಿದ್ದಾಗ ಭಾವನಿಗೆ ಎದೆ ಹಿಡಿದಂತಾಗಿ ಬೆವರು ಕಿತ್ತು ಬಂತು. ನಮ್ಮ ಊರಿನಲ್ಲಿ ಎದೆ ನೋವಿಗೆ ಒಂದೇ ಹೆಸರು, ಗ್ಯಾಸು. ಸೋಡಾಕ್ಕೆ ಲಿಂಬೆ ಹಿಂಡಿ ಕುಡಿದರು. ಜೀರಿಗೆ ಜಗಿದರು. ನಾಲ್ಕಾರು ದಿನ ಹೀಗೆ ಗ್ಯಾಸು ಗ್ಯಾಸು ಎಂದು ಕಳೆದು, ಕೊನೆಗೆ ಹೋಟೆಲಿನ ಮೆಟ್ಟಿಲು ಹತ್ತಲಾಗದೆ ಕೂತಾಗ ಅಕ್ಕ ನನಗೆ ಫೋನು ಮಾಡಿದಳು. ನಾನು ಬೈದುಕೊಂಡೇ ಹೋದೆ, ಬೈಯುತ್ತಲೇ ಇಬ್ಬರನ್ನೂ ಕಾರಿಗೆ ಹಾಕಿಕೊಂಡು ಬಂಟ್ವಾಳ ದಾಟಿ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಮೂರು ರಕ್ತನಾಳ ಕಟ್ಟಿಕೊಂಡಿವೆ, ಎದೆ ತೆರೆದು ಬೈಪಾಸ್ ಮಾಡಬೇಕು ಎಂದರು ಡಾಕ್ಟರು.

ಗುಣವಾಗುವ ಸಂಭವ ಎಷ್ಟು ಎಂದು ಕೇಳಿದವಳು ನಾನೇ. ಡಾಕ್ಟರು ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆ ಹೇಳಿದರು. ಒಳ್ಳೆಯ ಸಂಖ್ಯೆಯೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ನಿಮ್ಮ ಮನೆಯವರಿಗೆ ಹಚ್ಚಿ ನೋಡುತ್ತೀರಿ. ನನಗೆ ಉಸಿರು ಬಂದಂತಾಯಿತು. ನೋಡಿದಿರಾ, ಎಂಥ ಕೈ ಎಂಬಂತೆ ಭಾವನ ಕಡೆ ನೋಡಿದೆ. ಅವರು ಡಾಕ್ಟರನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಅದು ಎದುರು ಎಷ್ಟು ಜನ ಇರುವಾಗ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಅಲ್ಲ, ನನಗೆ ಸಕ್ಕರೆ ಉಂಟು, ಬೀಪಿ ಉಂಟು. ಬಹರೈನಿನಲ್ಲಿ ಸೇದಿದ ಸಿಗರೇಟು ಉಂಟು. ನೀವು ಹೇಳಿದ ಲೆಕ್ಕ ಒಬ್ಬನೇ ಎದುರಿಗೆ ಇರುವಾಗಿನದ್ದಾ, ಇವರೆಲ್ಲ ಕೂತಿರುವಾಗಿನದ್ದಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅದು ಎಲ್ಲ ರೋಗಿಗಳನ್ನೂ ಸೇರಿಸಿ ಹೇಳುವ ಲೆಕ್ಕ, ನಿಮ್ಮ ವಿಷಯದಲ್ಲಿ ಸ್ವಲ್ಪ ಕಡಿಮೆ ಎಂದೇ ಇಟ್ಟುಕೊಳ್ಳಬೇಕು ಎಂದು ಒಪ್ಪಿಕೊಂಡರು. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಮೊದಲೇ ಹೇಳಲಿಕ್ಕೆ ಏನು ಧಾಡಿ ಇವರಿಗೆ? ಅದನ್ನು ಕೇಳಲಿಕ್ಕೆ ನನಗೆ ಏನು ಧಾಡಿ? ಹಲಗೆ ಹೊತ್ತುಕೊಂಡು ಹೋಗಿ ಊರಿಗೆಲ್ಲ ಪಾಠ ಮಾಡಿದವಳು ನಾನು, ಸಂಖ್ಯೆ ಚೆನ್ನಾಗಿದೆ ಎಂದ ಕೂಡಲೇ ಹಿಗ್ಗಿ ಕೂತುಬಿಟ್ಟಿದ್ದೆ. ಕೋಣ ಕಿನ್ನರಿಯನ್ನು ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಪರೀಕ್ಷೆಗಳೆಲ್ಲ ಮುಗಿದು, ಸದ್ಯಕ್ಕೆ ಗುಳಿಗೆ ಬರೆಸಿಕೊಂಡು ವಾಪಸು ಬರುವಾಗ ಬಿ.ಸಿ.ರೋಡಿನ ಹತ್ತಿರ ಭಾವ ಬಾಯಿ ಬಿಟ್ಟರು. "ನಾನು ಬಿಡ್ತೇನೆ" ಎಂದರು. ಎಂದರೆ ಆಪರೇಷನ್ ಬೇಡ. ಜೀವನದಲ್ಲಿ ಒಂದೇ ಒಂದು ಎಲೆ ಕೆಳಗಿಡದ ಮನುಷ್ಯ ಮೊದಲ ಸಲ ಬಿಟ್ಟದ್ದು ಇದನ್ನು! ಅಕ್ಕ ಹಿಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಅವಳ ಮೇಲೂ ನನಗೆ ರೇಗಿತು.

ಸುದ್ದಿ ಹರಡಿದ್ದೇ ತಡ, ವಾಟ್ಸಾಪಿನಲ್ಲಿ ಕಷಾಯಗಳ ಸುರಿಮಳೆ. ಬೆಳ್ಳುಳ್ಳಿ, ಶುಂಠಿ, ಲಿಂಬೆ, ಜೇನು ಕುದಿಸಿ ಕುಡಿದರೆ ಎಂಥ ಬ್ಲಾಕೂ ನೀರಾಗಿ ಹೋಗುತ್ತದಂತೆ. ಗೋಪಣ್ಣ ಕಳುಹಿಸಿದ್ದಷ್ಟೇ ಅಲ್ಲ, ಒಂದು ಬಾಟಲಿ ಮಾಡಿಸಿ ಮುಂಡಾಜೆಯಿಂದ ತಂದೇ ಕೊಟ್ಟರು. ಅವರ ಪರಿಚಯದ ಯಾರಿಗೋ ಗುಣವಾಗಿತ್ತಂತೆ. ಆ ಯಾರೋ ಯಾರು? ಕುಡಿದು ಗುಣವಾಗದವರು ಎಲ್ಲಿದ್ದಾರೆ? ಅವರು ಬಂದು ಹೇಳುವ ಸ್ಥಿತಿಯಲ್ಲಿ ಇಲ್ಲವಲ್ಲ! ಇದನ್ನು ಗೋಪಣ್ಣನ ಮುಖಕ್ಕೇ ಹೇಳಿದೆ. ಅವರು ಸ್ವಲ್ಪ ಬೇಜಾರು ಮಾಡಿಕೊಂಡು, "ಒಳ್ಳೆಯದಾಗಲಿ ಅಂತ ಅಲ್ಲವಾ ಮೇಡಂ ತಂದದ್ದು?" ಎಂದರು. ಒಳ್ಳೆಯದಾಗಲಿ ಎಂಬುದರ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೂ ಮಾಡಿದೆ.

ಒಂದು ಸಂಜೆ ಕಾಲೇಜು ಮುಗಿಸಿ ನೇರ ಮಡಂತ್ಯಾರಿಗೆ ಹೋಗಿ ಭಾವನ ಎದುರು ಕೂತೆ.

"ಅಲ್ಲ ಭಾವ, ಏಳು ಎರಡು ಹಿಡಿದು ಎದೆ ಸೆಟೆಸಿ ಕೂರುವವರು ನೀವು. ಇಷ್ಟು ಒಳ್ಳೆಯ ಕೈ ಬಂದಾಗ ಬಿಡ್ತೇನೆ ಅಂತೀರಲ್ಲ, ನಿಮಗೆ ಬುದ್ಧಿ ಉಂಟಾ?"

"ಅದು ಆಟ ಮಾರಾಯ್ತಿ."

"ಇದೂ ಅದೇ ಲೆಕ್ಕ. ಇಸ್ಪೀಟಿನಲ್ಲಾದರೆ ಬಿಟ್ಟರೆ ಒಂದು ಬೀಜ ಹೋಗ್ತದೆ. ಇಲ್ಲಿ ಬಿಟ್ಟು ಎಲ್ಲಿಗೆ ಹೋಗ್ತೀರಿ? ಬಿಡುವುದಕ್ಕೂ ಒಂದು ಲೆಕ್ಕ ಉಂಟು, ಅದು ಇದಕ್ಕಿಂತ ಕೆಟ್ಟದು. ಅದನ್ನೂ ಡಾಕ್ಟರ್ ಹೇಳಿದ್ದಾರೆ, ನೀವು ಕೇಳಿಸಿಕೊಳ್ಳಲಿಲ್ಲ."

ಭಾವ ಮೇಜಿನ ಮೇಲಿದ್ದ ಕಷಾಯದ ಬಾಟಲಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು.

"ನಿನಗೆ ಲೆಕ್ಕ. ಜಗಲಿಯಲ್ಲಿ ನಾನು ಎಲೆ ಹಿಡಿದು ಆಡುವವ. ಇಲ್ಲಿ ನಾನು ಕೋಳಿ. ಪಂಚಾಂಗ ನೋಡುವವರು ಬೇರೆ, ಕತ್ತಿ ಕಟ್ಟುವವರು ಬೇರೆ. ಕೋಳಿಯ ಹತ್ರ ಯಾರಾದರೂ ಕೇಳ್ತಾರಾ, ನಿನಗೆ ಎಷ್ಟು ಪರ್ಸೆಂಟ್ ಅಂತ? ಹೆದರಿಕೆ ಆಗ್ತದೆ ನನಗೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಇಲಿಯೇ ಎದುರು ಕೂತು ಹೇಳಿದ್ದು ಇದೇ ಮೊದಲು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಕಣ್ಣಿಗೆ ನೀರು ಬರುವುದರಲ್ಲಿತ್ತು, ಅದು ಬರುವ ಮೊದಲು ಸಿಟ್ಟೇ ಬಂತು.

"ಕೋಳಿಯೇ ಆಗಿ, ಆಯ್ತಲ್ಲ! ಅಂಕಕ್ಕೆ ಹೋಗದೆ ಮನೆಯಲ್ಲೇ ಕೂತ ಕೋಳಿಗೆ ಆಯುಷ್ಯ ಜಾಸ್ತಿಯಾ? ಆದಿತ್ಯವಾರ ಅಂತ ಒಂದು ಬರ್ತದಲ್ಲ ಭಾವ, ಕೋಳಿ ಸಾರಿಗೆ ರೊಟ್ಟಿ ಮಾಡಿ ಇಟ್ಟುಕೊಂಡು ಕಾಯ್ತಾ ಇರ್ತಾರಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಭಾವ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಎದೆ ಹಿಡಿದುಕೊಂಡರು. ನನಗೆ ಜೀವ ಹಾರಿಹೋಯಿತು. ಅಕ್ಕ ಒಳಗಿನಿಂದ ಓಡಿ ಬಂದು ನಾಲಿಗೆಯ ಕೆಳಗೆ ಗುಳಿಗೆ ಇಟ್ಟು, ಅವರ ಬೆನ್ನು ನೀವುತ್ತ, ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಎರಡು ದಿನ ಬಿಟ್ಟು ಭಾವನ ಫೋನು ಬಂತು. "ಮಾಡಿಸುವ. ಆದರೆ ಯಾವ ದಿನ ಅಂತ ನಾನು ಹೇಳ್ತೇನೆ. ಅದೊಂದು ನನಗೆ ಬಿಡು."

ಯಾವ ಲೆಕ್ಕದಲ್ಲಿ ದಿನ ಹುಡುಕಿದರು ಎಂದು ಬೇರೆ ಹೇಳಬೇಕಾಗಿಲ್ಲ. ಸಂಭವನೀಯತೆಯನ್ನು ಇಷ್ಟು ವರ್ಷ ಕಲಿಸಿದ ನಾನು, ಹುಂಜದ ಬಣ್ಣ ನೋಡಿ ಗೊತ್ತು ಮಾಡಿದ ದಿನಕ್ಕಾಗಿ ಆಸ್ಪತ್ರೆಗೆ ಫೋನು ಮಾಡಿ, "ಮನೆಯಲ್ಲಿ ಒಂದು ಕಾರ್ಯಕ್ರಮ ಉಂಟು, ಆ ದಿನವೇ ಆದರೆ ಅನುಕೂಲ" ಎಂದು ಬೇಡಿಕೊಂಡೆ. ಡಾಕ್ಟರು ಒಪ್ಪಿದರು. ಫೋನಿಡುವ ಮೊದಲು ಮೆಲ್ಲಗೆ, "ರಾಹುಕಾಲ ಕಳೆದ ಮೇಲೆಯೇ ಹಾಕಿದ್ದೇನೆ, ಆಯ್ತಾ" ಎಂದರು. ನಾನು ಯಾರಿಗೆಂದು ತಲೆ ಚಚ್ಚಿಕೊಳ್ಳಲಿ?

ಆ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಪರೇಷನ್ ಕೋಣೆಯ ಹೊರಗೆ ಕುರ್ಚಿಯ ಸಾಲಿನಲ್ಲಿ ಅಕ್ಕ ಮತ್ತು ನಾನು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳಿಗೆ ಧೈರ್ಯ ಬರಲಿ ಎಂದು ನಾನು ಲೆಕ್ಕ ಹೇಳಿದೆ. ನೂರು ಜನರಿಗೆ ಮಾಡಿದರೆ ಇಷ್ಟು ಜನ ಹುಷಾರಾಗುತ್ತಾರೆ, ಭಾವನ ಸಕ್ಕರೆ, ಬೀಪಿ ಎಲ್ಲ ಕಳೆದರೂ ಇಷ್ಟು. ಅವಳು ಸೆರಗನ್ನು ಸುತ್ತುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಗಿದೆ ಎಂದರು. ಅಕ್ಕ ಅವರಿಗೆ ಕೈ ಮುಗಿದಳು. ಮುಗಿದ ಕೈ ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ.

ಭಾವ ಮನೆಗೆ ಬಂದು, ಗೋಡೆ ಹಿಡಿಯದೆ ನಡೆಯುವಂತಾದ ಮೇಲೆ ಒಂದು ಆದಿತ್ಯವಾರ ಹಳೆಯ ಕೂಟ ಮತ್ತೆ ಸೇರಿತು. ಆಟಕ್ಕಲ್ಲ, ಮಾತಿಗೆ. ಮಾತು ಎಂದರೆ ಯಶಸ್ಸಿನ ಹಂಚಿಕೆ. ಆ ಜಾವಕ್ಕೆ ಕೆಮ್ಮೈರೆಯನ್ನು ಹಿಡಿಯುವವರೇ ಇರಲಿಲ್ಲ, ಹಾಗೆ ಗೆದ್ದೆ ಎಂದರು ಭಾವ. ಕೆಮ್ಮೈರೆ ಯಾಕೆಂದರೆ ರಕ್ತದ ಬಣ್ಣ ಕೆಂಪಂತೆ! ತಾನು ದೈವಕ್ಕೆ ಹೇಳಿಕೊಂಡ ಹರಕೆ ಎಂದಳು ಅವರ ತಂಗಿ. ಮೊದಲೇ ಅರ್ಧ ಬಾಟಲಿ ಕಷಾಯ ಒಳಗೆ ಹೋಗಿತ್ತಲ್ಲ ಎಂದು ಗೋಪಣ್ಣ. ಡಾಕ್ಟರ ಕೈಗುಣ ಎಂದರು ನನ್ನ ಗಂಡ. ನಾನು ಎಷ್ಟು ಹೊತ್ತು ತಡೆದುಕೊಳ್ಳಲಿ? ಸ್ಫೋಟಿಸಿದೆ. ಒಂದು ಸಲ ಗೆದ್ದದ್ದರಿಂದ ಯಾವುದೂ ಸಾಬೀತಾಗುವುದಿಲ್ಲ ಎಂದೆ. ನಿಮ್ಮ ಹುಂಜವೂ ಇಲ್ಲ, ಕಷಾಯವೂ ಇಲ್ಲ, ನ್ಯಾಯವಾಗಿ ಹೇಳಬೇಕಾದರೆ ನನ್ನ ಲೆಕ್ಕವೂ ಇಲ್ಲ. ಭಾವ ಉಳಿದದ್ದರಿಂದ ಲೆಕ್ಕ ಸರಿ ಎಂದು ಆಗುವುದಿಲ್ಲ, ಉಳಿಯದಿದ್ದರೆ ತಪ್ಪು ಎಂದೂ ಆಗುತ್ತಿರಲಿಲ್ಲ. ಲೆಕ್ಕ ಹೇಳುವುದು ನೂರು ಜನರ ವಿಷಯ. ನೂರರಲ್ಲಿ ಕೆಲವರು ಹೋಗಿಯೇ ಹೋಗುತ್ತಾರೆ, ಆಗಲೂ ಲೆಕ್ಕ ಸರಿಯೇ...

ಅಕ್ಕ ಗಂಜಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ತಿಮರೆ ಸೊಪ್ಪಿನ ಚಟ್ನಿಯ ಬಟ್ಟಲು ಪಕ್ಕಕ್ಕೆ ಹಾರಿತು.

"ನಿನ್ನ ನೂರು ಜನ ಯಾರು ಅಂತ ನನಗೆ ಗೊತ್ತಿಲ್ಲ" ಎಂದಳು. ನನ್ನ ಅಕ್ಕ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. "ಆ ದಿನ ಬಾಗಿಲಿನ ಹೊರಗೆ ಕೂತದ್ದು ನಾನು. ನನ್ನ ಕಿವಿಯ ಹತ್ರ ನೂರರಲ್ಲಿ ಇಷ್ಟು, ನೂರರಲ್ಲಿ ಅಷ್ಟು ಅಂತ ಮಣಮಣ ಹೇಳ್ತಾ ಇದ್ದಿ. ಇವರು ಅಲ್ಲಿ ಹುಂಜ ಅಂತೆ, ಬಣ್ಣ ಅಂತೆ. ನನಗೆ ಎಂತ ನೂರು ಜನ ಗಂಡಂದಿರು ಇದ್ದರಾ? ಒಬ್ಬ ಇದ್ದದ್ದು. ಹೋದರೆ ನೂರಕ್ಕೆ ನೂರೂ ಹೋಗ್ತಿತ್ತು ನನಗೆ!"

ಭಾವ ತಲೆ ಬಗ್ಗಿಸಿ ಬರಿಯ ತಟ್ಟೆಯನ್ನು ನೋಡುತ್ತಿದ್ದರು. ಇದಕ್ಕೆ ಗಣಿತದಲ್ಲಿ ಏನು ಉತ್ತರ ಎಂದು ಅಭ್ಯಾಸಬಲದಿಂದ ಹುಡುಕಿದೆ. ಇಲ್ಲ, ಮತ್ತು ಇರುವುದಿಲ್ಲ ಎಂದೂ ಗೊತ್ತಾಯಿತು. ಇಷ್ಟು ದಿನ ಆ ಮನೆಯಲ್ಲಿ ಸಿಟ್ಟು ಮಾಡುವ ಗುತ್ತಿಗೆ ನನ್ನದೇ ಎಂದುಕೊಂಡಿದ್ದೆ. ಅಕ್ಕನ ಸಿಟ್ಟನ್ನು ಕಂಡ ಮೇಲೆ ನನ್ನದು ಬರಿಯ ಗದ್ದಲ ಅನ್ನಿಸಿತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಚಟ್ನಿಯ ಬಟ್ಟಲನ್ನು ನೆಟ್ಟಗೆ ಮಾಡಿದಳು.

"ಎಂತ ನೋಡುವುದು ಎಲ್ಲರೂ? ಗಂಜಿ ತಣಿಯುತ್ತದೆ, ಉಣ್ಣಿ" ಎಂದಳು.

ಆರೂ ಜನ ಬಾಯಿ ಮುಚ್ಚಿಕೊಂಡು ಉಂಡೆವು.